ಈಜು, ಸೈಕಲ್, ಓಟ ಮತ್ತು ನಮ್ಮ ತೂಕ

ತೂಕ ಇಳಿಸಬೇಕು ಎಂದು ಹೇಳದ ಮಹಿಳೆ ಇಂದು ನಮ್ಮ ಮೊಹಲ್ಲಾಗಳಲ್ಲಿ ಸಿಗುವುದು ಅಪರೂಪ. ಶಾಲೆಯ ಗೇಟಿನ ಬಳಿ ಮಕ್ಕಳಿಗಾಗಿ ಕಾಯುತ್ತಾ ನಿಂತ ತಾಯಂದಿರ ಮಾತು ಎಲ್ಲಿಂದ ಆರಂಭವಾದರೂ ಮಂಡಿ ನೋವು, ಥೈರಾಯ್ಡ್, ಶುಗರ್ ದಾಟಿ ಕೊನೆಗೆ ತೂಕಕ್ಕೆ ಬಂದು ನಿಲ್ಲುತ್ತದೆ. ಒಬ್ಬರು ಬೆಳಿಗ್ಗೆ ಜೀರಿಗೆ ನೀರು ಕುಡಿಯುತ್ತಾರೆ, ಇನ್ನೊಬ್ಬರು ರಾತ್ರಿಯ ಊಟ ಬಿಟ್ಟಿದ್ದಾರೆ, ಮತ್ತೊಬ್ಬರು ಯಾವುದೋ ಡಬ್ಬಿಯ ಪುಡಿಗೆ ಸಾವಿರಾರು ರೂಪಾಯಿ ಸುರಿದಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ನಗರಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

ಈ ಮಾತುಕತೆಯ ನಡುವೆ ಹೊಸದೊಂದು ಪದ ಬಂದು ಸೇರಿಕೊಂಡಿದೆ: ಟ್ರಯಾಥ್ಲಾನ್. ಹೆಬ್ಬಾಳ, ಯಲಹಂಕದ ಕಡೆಯ ಕಂಪೆನಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಅದನ್ನು ಮನೆಗೆ ತಂದಿದ್ದಾರೆ. "ಆಪಾ, ಅದಕ್ಕೆ ತಯಾರಿ ಮಾಡಿದರೆ ತೂಕ ತಾನಾಗಿಯೇ ಇಳಿಯುತ್ತದಂತೆ, ಹೌದೇ?" ಎಂದು ಕೇಳುವವರಿದ್ದಾರೆ. ಅರ್ಧ ಹೌದು, ಅರ್ಧ ಅಲ್ಲ. ಆ 'ಅಲ್ಲ' ಎಂಬ ಅರ್ಧವನ್ನು ಮೊದಲೇ ತಿಳಿಯದ ಕಾರಣ ಎಷ್ಟೋ ಸಹೋದರಿಯರು ಮೂರನೆಯ ವಾರಕ್ಕೇ ಕೈಬಿಡುತ್ತಾರೆ.

ಈಜು, ಸೈಕಲ್, ಓಟ ಈ ಮೂರನ್ನೂ ಒಂದರ ಹಿಂದೊಂದರಂತೆ ನಿಲ್ಲದೆ ಮಾಡುವ ಸ್ಪರ್ಧೆಗೆ ಟ್ರಯಾಥ್ಲಾನ್ ಎನ್ನುತ್ತಾರೆ. ಈಗಿನ ರೂಪದ ಮೊದಲ ಸ್ಪರ್ಧೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1974ರ ಸೆಪ್ಟೆಂಬರ್ 25ರಂದು ನಡೆಯಿತು. 1978ರಲ್ಲಿ ಹವಾಯಿಯಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟದ 'ಐರನ್‌ಮ್ಯಾನ್' ಆರಂಭವಾಯಿತು. ಮೊದಲ ವರ್ಷ ಹೊರಟವರು 15 ಮಂದಿ, ಎಲ್ಲರೂ ಗಂಡಸರು. ಮರುವರ್ಷ ಲಿನ್ ಲೆಮೇರ್ ಎಂಬ ಒಬ್ಬಳೇ ಮಹಿಳೆ ಬಂದಳು, ಒಟ್ಟಾರೆ ಐದನೆಯವಳಾಗಿ ಮುಗಿಸಿದಳು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಸೇರ್ಪಡೆಯಾಯಿತು. (ನಮ್ಮ ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲ್ಲೆಟ್ ಭಾರತದ ಪರವಾಗಿ ಕೊಳಕ್ಕೆ ಇಳಿದದ್ದೂ ಅದೇ ಒಲಿಂಪಿಕ್ಸ್‌ನಲ್ಲಿ.) 2019ರ ಅಕ್ಟೋಬರ್‌ನಲ್ಲಿ ಗೋವಾದ ಕಡಲ ತೀರದಲ್ಲಿ ಐರನ್‌ಮ್ಯಾನ್‌ನ ಅರ್ಧ ದೂರದ ಸ್ಪರ್ಧೆ ನಡೆದ ಮೇಲೆ ಬೆಂಗಳೂರಿನಲ್ಲಿಯೂ ಇದರ ಹುಚ್ಚು ಹೆಚ್ಚಿತು.

ಈ ಅಂಕಿಗಳನ್ನು ನೋಡಿ ಹೆದರಬೇಕಾಗಿಲ್ಲ. ಮೊದಲ ಸಲ ಭಾಗವಹಿಸುವವರು ಸಾಮಾನ್ಯವಾಗಿ 'ಸ್ಪ್ರಿಂಟ್' ಎಂಬ ಚಿಕ್ಕ ದೂರವನ್ನು ಆರಿಸಿಕೊಳ್ಳುತ್ತಾರೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಅಂದರೆ 25 ಮೀಟರ್ ಉದ್ದದ ಕೊಳದ ಈ ತುದಿಯಿಂದ ಆ ತುದಿಗೆ 30 ಸಲ ಈಜು; ಹೆಬ್ಬಾಳದಿಂದ ಯಲಹಂಕಕ್ಕೆ ಹೋಗಿ ಮರಳಿ ಬರುವುದಕ್ಕಿಂತ ಸ್ವಲ್ಪ ಹೆಚ್ಚು ಸೈಕಲ್; ಆಮೇಲೆ ಓಟ. ಇದರ ಸರಿಸುಮಾರು ಅರ್ಧ ದೂರದ 'ಸೂಪರ್ ಸ್ಪ್ರಿಂಟ್' ಕೂಡ ಇದೆ. ನಡೆಯುವ ಅಭ್ಯಾಸವಿರುವ ಆರೋಗ್ಯವಂತ ಮಹಿಳೆಗೆ ನಾಲ್ಕು ತಿಂಗಳ ಕ್ರಮಬದ್ಧ ತಯಾರಿಯಲ್ಲಿ ಇದು ಸಾಧ್ಯ. ಈಜು ಬಾರದವರು ಮೊದಲು ಅದನ್ನು ಕಲಿಯಲು ಬೇರೆ ಸಮಯ ಇಟ್ಟುಕೊಳ್ಳಬೇಕು.

ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಹುಬ್ಬೇರಿಸುವವರು ನಮ್ಮಲ್ಲಿ ಕಡಿಮೆ ಇಲ್ಲ. ಅವರಿಗೆ ಅಬೂದಾವೂದ್‌ನಲ್ಲಿ ಬಂದಿರುವ ಒಂದು ಘಟನೆಯನ್ನು ನೆನಪಿಸಬೇಕು. ಪ್ರಯಾಣವೊಂದರಲ್ಲಿ ಹಝ್ರತ್ ಆಯಿಶಾ(ರ) ಅವರು ಪ್ರವಾದಿ(ಸ)ರೊಂದಿಗೆ ಓಟದ ಪಂದ್ಯ ಮಾಡಿ ಗೆದ್ದರು. ಕೆಲವು ಕಾಲದ ನಂತರ, ಮೈ ತುಂಬಿಕೊಂಡಿದ್ದಾಗ, ಮತ್ತೊಮ್ಮೆ ಓಡಿದರು. ಆಗ ಪ್ರವಾದಿ(ಸ) ಗೆದ್ದು, ಇದು ಅಂದಿನ ಸೋಲಿಗೆ ಬದಲು ಎಂಬ ಅರ್ಥದ ಮಾತು ಹೇಳಿದರು. ತನ್ನ ಮೈ ತುಂಬಿದ್ದನ್ನು ಆಯಿಶಾ(ರ) ಅವರೇ ಸಂಕೋಚವಿಲ್ಲದೆ ವರದಿ ಮಾಡಿದ್ದಾರೆ. ದಪ್ಪಗಾದ ಹೆಂಡತಿಯನ್ನು ನಾಲ್ಕು ಜನರ ಮುಂದೆ ಹಂಗಿಸುವ ಗಂಡಂದಿರು ಈ ಪ್ರಸಂಗವನ್ನು ಎರಡೆರಡು ಸಲ ಓದಲಿ. ಅಲ್ಲಿ ಹಂಗಿಸುವಿಕೆ ಇರಲಿಲ್ಲ, ಜೊತೆಗೆ ಓಡುವುದಿತ್ತು.

ಬೆಂಗಳೂರಿನಲ್ಲಿ ನೆಲೆಸಿ, ಸ್ವಂತ ಸಂಸ್ಥೆಯೊಂದನ್ನು ನಡೆಸುತ್ತಲೇ ಈ ಆಟದಲ್ಲಿ ಹೆಸರು ಮಾಡಿದವರು ಅನು ವೈದ್ಯನಾಥನ್. ನಮ್ಮಲ್ಲಿ ಈ ಆಟದ ಹೆಸರನ್ನೇ ಹೆಚ್ಚಿನವರು ಕೇಳದಿದ್ದ ಕಾಲ ಅದು. 2009ರಲ್ಲಿ ಅವರು ಕೆನಡಾದಲ್ಲಿ 'ಅಲ್ಟ್ರಾಮ್ಯಾನ್' ಮುಗಿಸಿದರು. ಮೂರು ದಿನಗಳಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ! ತಮ್ಮ ಅನುಭವಗಳನ್ನು ಅವರು 2016ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಇನ್ನು ಉಡುಪಿನ ಪ್ರಶ್ನೆಗೆ ಇರಾನಿನ ಶಿರಿನ್ ಗೆರಾಮಿ ಉತ್ತರವಾದರು. ಬ್ರಿಟನ್ನಿನಲ್ಲಿ ಓದುವಾಗ ಟ್ರಯಾಥ್ಲಾನ್ ಕಲಿತ ಈಕೆ ತಲೆಯಿಂದ ಕಾಲಿನವರೆಗೆ ಮುಚ್ಚುವ, ಆದರೆ ಈಜಿಗೂ ಸೈಕಲ್ಲಿಗೂ ಓಟಕ್ಕೂ ಒಗ್ಗುವ ಉಡುಪನ್ನು ಸಿದ್ಧಪಡಿಸಿಕೊಂಡು ತನ್ನ ದೇಶದ ಕ್ರೀಡಾ ಅಧಿಕಾರಿಗಳ ಒಪ್ಪಿಗೆಗಾಗಿ ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆಸಿದರು. ಒಪ್ಪಿಗೆ ದೊರೆತದ್ದು ಸ್ಪರ್ಧೆಗೆ ಕೆಲವೇ ದಿನಗಳಿರುವಾಗ. 2013ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಅವರು ಇರಾನನ್ನು ಪ್ರತಿನಿಧಿಸಿದ ಮೊದಲ ಮಹಿಳಾ ಟ್ರಯಾಥ್ಲೀಟ್ ಆದರು. 2016ರಲ್ಲಿ ಹವಾಯಿಯ ಪೂರ್ಣ ಐರನ್‌ಮ್ಯಾನ್ ಅನ್ನೂ ಮುಗಿಸಿದರು.

ತಕ್ಕಡಿ ಹೇಳುವ ಲೆಕ್ಕ

ಈಗ 'ಅಲ್ಲ' ಎಂಬ ಅರ್ಧಕ್ಕೆ ಬರೋಣ. 75 ಕಿಲೋ ತೂಕದ ಮಹಿಳೆಯೊಬ್ಬರು ಸ್ಪ್ರಿಂಟ್ ಟ್ರಯಾಥ್ಲಾನ್ ಪೂರ್ತಿ ಮುಗಿಸಿದರೆ ಖರ್ಚಾಗುವ ಶಕ್ತಿ ಎಷ್ಟು? ಓಟದಲ್ಲಿ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ ಎಂಬುದು ಒರಟು ಲೆಕ್ಕ. ಹಾಗಾಗಿ 5 ಕಿ.ಮೀ. ಓಟಕ್ಕೆ 375. ಸೈಕಲ್ಲಿಗೆ 450ರಷ್ಟು, ನಿಧಾನದ ಈಜಿಗೆ 225ರಷ್ಟು ಎಂದುಕೊಳ್ಳಿ. ಒಟ್ಟು ಸಾವಿರದ ಆಸುಪಾಸು. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಂದರೆ ನಾಲ್ಕು ತಿಂಗಳು ಬೆವರು ಸುರಿಸಿ ಕಾದ ಆ ದಿನ ಕರಗುವ ಕೊಬ್ಬು ಹೆಚ್ಚೆಂದರೆ 135 ಗ್ರಾಂ! ಅದೇ ಮಧ್ಯಾಹ್ನ ಒಂದು ತಟ್ಟೆ ಮಟನ್ ಬಿರಿಯಾನಿ, ಎರಡು ಜಾಮೂನು ತಿಂದರೆ ಲೆಕ್ಕ ಚುಕ್ತಾ.

ತಯಾರಿಯ ವಾರಗಳ ಲೆಕ್ಕವೂ ಹೀಗೆಯೇ. ವಾರಕ್ಕೆ ಐದು ಗಂಟೆ ಅಭ್ಯಾಸ ಮಾಡಿದರೆ ಹೆಚ್ಚುಕಡಿಮೆ 2,200 ಕ್ಯಾಲೊರಿ ಖರ್ಚಾಗಬಹುದು. ಹದಿನಾರು ವಾರಕ್ಕೆ ನಾಲ್ಕೂವರೆ ಕಿಲೋ ಇಳಿಯಬೇಕು. ಷರತ್ತು ಒಂದೇ: ಮೊದಲಿಗಿಂತ ಒಂದು ತುತ್ತೂ ಹೆಚ್ಚು ತಿನ್ನಬಾರದು. ಇಲ್ಲಿಯೇ ಎಲ್ಲರೂ ಸೋಲುವುದು. ತಣ್ಣೀರಿನ ಕೊಳದಿಂದ ಹೊರಬಂದಾಗ ಆಗುವ ಹಸಿವು ಸಾಮಾನ್ಯವಾದುದಲ್ಲ. "ಇಷ್ಟು ಮಾಡಿದ್ದೇನಲ್ಲಾ" ಎಂಬ ಸಮಾಧಾನವೂ ಜೊತೆಗೆ ಸೇರುತ್ತದೆ. ಉಳಿದ ದಿನವಿಡೀ ಸೋಫಾ ಬಿಟ್ಟು ಏಳದಿರುವುದೂ ಇದೆ.

ಇನ್ನೊಂದು ವಿಚಿತ್ರವಿದೆ. ವ್ಯಾಯಾಮ ಆರಂಭಿಸಿದ ಮೊದಲ ವಾರಗಳಲ್ಲಿ ತೂಕ ಇಳಿಯುವ ಬದಲು ಏರುವುದುಂಟು. ದಣಿದ ಸ್ನಾಯುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಮುಂದಿನ ದುಡಿಮೆಗೆಂದು ಅವು ಸಕ್ಕರೆಯ ಅಂಶವನ್ನು ಕೂಡಿಡುತ್ತವೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಇದು ಕೊಬ್ಬಲ್ಲ. ಆದರೆ ತಕ್ಕಡಿಗೆ ನೀರೂ ಒಂದೇ ಕೊಬ್ಬೂ ಒಂದೇ. ಬೆಳಿಗ್ಗೆ ಐದಕ್ಕೆ ಎದ್ದು ಓಡಿದ ಸಹೋದರಿ ಮೂರನೆಯ ವಾರ ಅರ್ಧ ಕಿಲೋ ಹೆಚ್ಚಾದುದನ್ನು ಕಂಡು ಶೂ ಮೂಲೆಗೆ ಎಸೆದರೆ ಆಶ್ಚರ್ಯವೇನು? ಅದಕ್ಕೇ ತಕ್ಕಡಿಯ ಜೊತೆ ಹೊಲಿಗೆಯ ಟೇಪನ್ನೂ ಇಟ್ಟುಕೊಳ್ಳಬೇಕು. ಭಾರತೀಯ ಮಹಿಳೆಯ ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಬಾರದು ಎನ್ನುತ್ತಾರೆ ವೈದ್ಯರು. ಶುಗರ್, ಹೃದಯದ ಅಪಾಯವನ್ನು ಸೂಚಿಸುವುದು ಹೊಟ್ಟೆಯ ಸುತ್ತಲಿನ ಕೊಬ್ಬು. ತಿಂಗಳಿಗೊಮ್ಮೆ ಅಳೆದು ಬರೆದಿಡಿ. ತಕ್ಕಡಿ ಅಲುಗದ ತಿಂಗಳಲ್ಲೂ ಟೇಪು ಸಡಿಲವಾಗುವುದುಂಟು.

ಹಾಗಾದರೆ ತೂಕ ಇಳಿಯುವುದು ಎಲ್ಲಿ? ಹೆಚ್ಚಿನ ಪಾಲು ದಸ್ತರ್‌ಖಾನಿನ ಮೇಲೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಖರ್ಚಾಗುತ್ತಿದ್ದರೆ ಒಬ್ಬೊಬ್ಬರ ಹೊಟ್ಟೆಗೆ ದಿನವೂ ಎಣ್ಣೆಯಿಂದಲೇ 340ರಷ್ಟು ಕ್ಯಾಲೊರಿ ಹೋಗುತ್ತದೆ. ಅದನ್ನು ಮೂರು ಲೀಟರಿಗೆ ಇಳಿಸಿದರೆ ಒಬ್ಬರಿಗೆ ದಿನಕ್ಕೆ 130ಕ್ಕೂ ಹೆಚ್ಚು ಉಳಿತಾಯ. ನಾಲ್ಕು ಕಪ್ ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಎಂದರೆ 160. ಈ ಎರಡರಿಂದಲೇ ಆಗುವ ಬದಲಾವಣೆ ವಾರದ ಅಭ್ಯಾಸಕ್ಕೆ ಸಮ, ಅದೂ ಮನೆಮಂದಿಗೆಲ್ಲ. ಭಾನುವಾರದ ಬಿರಿಯಾನಿ ಬಿಡಿ ಎಂದು ನಾನು ಹೇಳಲಾರೆ. ಹೇಳಿದರೆ ಯಾರೂ ಕೇಳುವುದೂ ಇಲ್ಲ. ಅದನ್ನು ಅಭ್ಯಾಸದ ದೊಡ್ಡ ದಿನದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಎರಡನೆಯ ಸಲ ಬಡಿಸಿಕೊಳ್ಳುವ ಬದಲು ಮೊಸರು-ಸೌತೆಕಾಯಿ ಹೆಚ್ಚು ಹಾಕಿಕೊಳ್ಳಿ. ಹೊಟ್ಟೆಯ ಮೂರನೆಯ ಒಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ(ಸ)ರ ಉಪದೇಶ ನಮಗೆಲ್ಲ ಬಾಯಿಪಾಠ. ಕೊಳದಲ್ಲಿ ಉಸಿರು ಕಟ್ಟಿದಾಗ ಆ ಮೂರನೆಯ ಪಾಲಿನ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ತುದಿಯ ಅಪಾಯವನ್ನೂ ಹೇಳಬೇಕು. ಬೇಗ ಇಳಿಯಲಿ ಎಂದು ಹಸಿದುಕೊಂಡೇ ಅಭ್ಯಾಸ ಮಾಡುವವರಿದ್ದಾರೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ದಪ್ಪಗಿದ್ದವರಿಗೆ ರಕ್ತ ಕಡಿಮೆ ಇರುವುದಿಲ್ಲ ಎಂಬುದು ತಪ್ಪು ತಿಳುವಳಿಕೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಓಟ ಆಮೇಲೆ. ತಿಂಗಳ ದಿನಗಳು ಏರುಪೇರಾದರೆ ಅಥವಾ ನಿಂತೇ ಹೋದರೆ ದೇಹಕ್ಕೆ ಸಾಲುವಷ್ಟು ಆಹಾರ ಸಿಗುತ್ತಿಲ್ಲದಿರಬಹುದು; ವೈದ್ಯರನ್ನು ಕಾಣಬೇಕು. ಶುಗರಿಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಲೇಬಾರದು. ವ್ಯಾಯಾಮದ ನಡುವೆ ಸಕ್ಕರೆ ಹಠಾತ್ತನೆ ಕುಸಿಯಬಹುದು, ಅದೂ ನೀರಿನೊಳಗೆ. ಮೊಟ್ಟೆ, ಮೀನು, ಕಾಳು, ಸೊಪ್ಪು, ರಾಗಿ ಇಷ್ಟಿದ್ದರೆ ಡಬ್ಬಿಯ ಪುಡಿ ಬೇಕಾಗುವುದಿಲ್ಲ. ವಾರಕ್ಕೆ ಅರ್ಧ ಕಿಲೋಗಿಂತ ವೇಗವಾಗಿ ಇಳಿಸುವ ಆಸೆ ಬೇಡ.

ನೀರು, ರಸ್ತೆ, ಮೈದಾನ

ನಮ್ಮ ಕಡೆ ಓಟ ಸುಲಭ. ಯಶವಂತಪುರದವರಿಗೆ ಮತ್ತೀಕೆರೆಯ ಜೆ.ಪಿ. ಪಾರ್ಕ್ ಇದೆ, ಸುಮಾರು 85 ಎಕರೆ. ಹೆಬ್ಬಾಳ, ಜಕ್ಕೂರು, ಯಲಹಂಕದವರಿಗೆ ಕೆರೆಯ ಏರಿಗಳಿವೆ. ಬುರ್ಖಾದಲ್ಲಿಯೇ ಚುರುಕಾಗಿ ನಡೆಯುವ ಮಹಿಳೆಯರನ್ನು ಅಲ್ಲಿ ದಿನವೂ ಕಾಣಬಹುದು. ಫಜ್ರ್ ಮುಗಿಸಿ ಹೊರಟರೆ ಬಿಸಿಲೂ ಇಲ್ಲ, ಹೊಗೆಯೂ ಕಡಿಮೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಆರಂಭಿಸಿದರೆ ಮಂಡಿಗಳು ದೂರುವುದಿಲ್ಲ. ಆದರೆ ಏರಿಯ ಮೇಲೆ ಓಡುವವರು ಕೆರೆಯೊಳಗೆ ಈಜುವ ಯೋಚನೆಯನ್ನು ಮಾತ್ರ ಮಾಡಬಾರದು. ನಗರದ ಕೆರೆಗಳಿಗೆ ಕೊಳಚೆ ನೀರು ಸೇರುತ್ತದೆ, ಕೆಳಗೆ ಹೂಳೂ ಜೊಂಡೂ ಇರುತ್ತವೆ.

ಸೈಕಲ್ ನಡುವಿನದು. ಭಾನುವಾರ ನಸುಕಿನಲ್ಲಿ ಹೆಬ್ಬಾಳದಿಂದ ನಂದಿ ಬೆಟ್ಟದ ಕಡೆ ಸಾಲುಸಾಲಾಗಿ ಹೋಗುವ ಸೈಕಲ್ಲುಗಳನ್ನು ನೋಡಿ ಉತ್ಸಾಹ ಬರುವುದು ಸಹಜ. 1,478 ಮೀಟರ್ ಎತ್ತರದ ಆ ಬೆಟ್ಟ ಮುಂದಿನ ವರ್ಷಕ್ಕೆ ಇರಲಿ. ವಿಮಾನ ನಿಲ್ದಾಣದ ರಸ್ತೆಯ ವೇಗ ಹೊಸಬರಿಗೆ ಸಲ್ಲದು. ಯಲಹಂಕ ನ್ಯೂ ಟೌನಿನ ಒಳರಸ್ತೆಗಳಲ್ಲಿ ಸುತ್ತು ಹೊಡೆದರೂ 20 ಕಿ.ಮೀ. ಆಗುತ್ತದೆ. ದುಬಾರಿ ಸೈಕಲ್ ಬೇಕಿಲ್ಲ, ಬ್ರೇಕ್ ಚೆನ್ನಾಗಿರಬೇಕು, ಹೆಲ್ಮೆಟ್ ಇರಲೇಬೇಕು. ಉದ್ದನೆಯ ಬುರ್ಖಾದ ಅಂಚು ಚೈನಿಗೆ ಸಿಕ್ಕರೆ ಬೀಳುವುದು ಖಂಡಿತ. ಮೊಣಕಾಲಿನವರೆಗಿನ ಸಡಿಲ ಕುರ್ತಾ, ಪಾದದ ಬಳಿ ಬಿಗಿಯಾದ ಪೈಜಾಮ, ಪಿನ್ನಿಲ್ಲದ ತೆಳು ಹಿಜಾಬ್, ಅದರ ಮೇಲೆ ಹೆಲ್ಮೆಟ್ ಇದ್ದರೆ ಪರ್ದಾಕ್ಕೂ ಸುರಕ್ಷತೆಗೂ ಅನುಕೂಲ.

ಕಷ್ಟವಿರುವುದು ನೀರಿನಲ್ಲಿ. ಊರಿನಲ್ಲಿ ಬಾವಿ, ಹೊಳೆಯ ಬಳಿ ಬೆಳೆದವರನ್ನು ಬಿಟ್ಟರೆ ನಮ್ಮ ತಾಯಂದಿರಿಗೆ ಈಜು ಬರುವುದಿಲ್ಲ. ಸದಾಶಿವನಗರದ ಬಳಿಯ ಕೆ.ಸಿ. ರೆಡ್ಡಿ ಈಜುಕೊಳ, ಯಲಹಂಕದಾಚೆಯ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದ ಕೊಳ ನಮ್ಮ ಕಡೆಯ ದೊಡ್ಡ ಕೊಳಗಳು. ಬಡಾವಣೆಗಳಲ್ಲಿ ಚಿಕ್ಕವೂ ಇವೆ. ಎಲ್ಲಿ ಹೋದರೂ ಹಣ ಕಟ್ಟುವ ಮೊದಲು ಕೇಳಿ ತಿಳಿದುಕೊಳ್ಳಬೇಕಾದ ಸಂಗತಿಗಳಿವೆ. 'ಲೇಡೀಸ್ ಬ್ಯಾಚ್' ಎಂದರೆ ಕಲಿಸುವವರೂ ಕಾವಲಿರುವವರೂ ಮಹಿಳೆಯರೇ, ಅಥವಾ ಈಜುವವರು ಮಾತ್ರವೇ? ಆ ಹೊತ್ತಿನಲ್ಲಿ ಗಂಡಸರು ಕಚೇರಿಯಿಂದ, ಮೇಲಂತಸ್ತಿನಿಂದ ನೋಡುವಂತಿದೆಯೇ? ಕ್ಯಾಮೆರಾ ಎಲ್ಲಿದೆ? ಇಪ್ಪತ್ತೊಂದು ದಿನದ ತರಬೇತಿಯಲ್ಲಿ ತಿಂಗಳ ದಿನಗಳಿಗೆಂದು ತಪ್ಪಿದ ಪಾಠವನ್ನು ಮುಂದೆ ಕೊಡುತ್ತಾರೆಯೇ? ಇವನ್ನು ಕೇಳಲು ನಾಚಬೇಕಾಗಿಲ್ಲ. ಹತ್ತು ಮಂದಿ ಮಹಿಳೆಯರು ಒಟ್ಟಾಗಿ ಹೋಗಿ ಕೇಳಿದರೆ ಇಲ್ಲದ ಬ್ಯಾಚೂ ಹುಟ್ಟಿಕೊಳ್ಳುವುದುಂಟು.

ಹತ್ತಿಯ ಬಟ್ಟೆಯನ್ನು ಕೊಳಗಳಲ್ಲಿ ಬಿಡುವುದಿಲ್ಲ. ಅದು ನೀರು ಹೀರಿ ಭಾರವಾಗುತ್ತದೆ, ಎಳೆಗಳು ಬಿಟ್ಟು ಶುದ್ಧೀಕರಣದ ಯಂತ್ರಕ್ಕೆ ಸೇರುತ್ತವೆ. ಅದಕ್ಕೆ ಪರಿಹಾರ ಬುರ್ಕಿನಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನೆಲೆಸಿದ ಲೆಬನಾನ್ ಮೂಲದ ಅಹೆದಾ ಝನೆಟ್ಟಿ 2004ರಲ್ಲಿ ಇದನ್ನು ರೂಪಿಸಿದರು. ಈಗ ಇಂಥ ಉಡುಪು ನಮ್ಮಲ್ಲಿಯೂ ಸಿಗುತ್ತದೆ. ಕೆಲವು ಕೊಳಗಳವರು ಇದಕ್ಕೂ ತಕರಾರು ತೆಗೆಯುತ್ತಾರೆ. ನೈಲಾನ್-ಲೈಕ್ರಾ ಬಟ್ಟೆ ಎಂದು ತೋರಿಸಿ ವಿವರಿಸಿದರೆ ಹಲವರು ಒಪ್ಪುತ್ತಾರೆ. ತಲೆಗೆ ಟೋಪಿಯಂತೂ ಅಲ್ಲಿ ಹೇಗೂ ಎಲ್ಲರಿಗೂ ಕಡ್ಡಾಯ! ಆದರೆ ಒದ್ದೆ ಬಟ್ಟೆ ಮೈಗೆ ಅಂಟುತ್ತದೆ ಎಂಬುದೂ ನಿಜ. ಗಂಡಸರೂ ಇರುವ ಸ್ಪರ್ಧೆಯಲ್ಲಿ ಭಾಗವಹಿಸುವ ಬಗ್ಗೆ ಮನೆಯವರೊಂದಿಗೆ, ಬಲ್ಲ ಆಲಿಮರೊಂದಿಗೆ ಮಾತನಾಡಿ ನಿರ್ಧರಿಸುವುದು ಒಳ್ಳೆಯದು. ಮನಸ್ಸೊಪ್ಪದವರು ಲೇಡೀಸ್ ಬ್ಯಾಚಿನಲ್ಲಿ 750 ಮೀಟರ್ ಈಜಿ, ಮನೆಯ ಬಳಿ ಸೈಕಲ್ ತುಳಿದು, ಪಾರ್ಕಿನಲ್ಲಿ ಓಡಿ ತಮ್ಮದೇ ಟ್ರಯಾಥ್ಲಾನ್ ಮುಗಿಸಬಹುದು. ದೇಹಕ್ಕೆ ಪದಕದ ಹಂಗಿಲ್ಲ.

ಇಷ್ಟಕ್ಕೆಲ್ಲ ಸಮಯ ಎಲ್ಲಿಂದ? ಮಕ್ಕಳ ಟಿಫಿನ್, ಶಾಲೆಯ ವ್ಯಾನ್, ಅತ್ತೆಯ ಮಾತ್ರೆ, ಎಲ್ಲವೂ ಬೆಳಗಿನ ಆರರಿಂದ ಎಂಟರ ನಡುವೆಯೇ. ವಾರಕ್ಕೆ ಮೂರು ಬೆಳಿಗ್ಗೆ ಮನೆಯ ಗಂಡಸರು ದೋಸೆ ಹುಯ್ಯಲು ಒಪ್ಪದಿದ್ದರೆ ಹೆಂಡತಿಯ ತೂಕದ ಬಗ್ಗೆ ಮಾತನಾಡುವ ಹಕ್ಕನ್ನೂ ಅವರು ಬಿಡಬೇಕಾಗುತ್ತದೆ. ನಿದ್ದೆ ಕೆಟ್ಟರೆ ಹಸಿವು ಹೆಚ್ಚುತ್ತದೆ, ಆದ್ದರಿಂದ ಇಶಾ ನಂತರ ಮೊಬೈಲ್ ದೂರವಿರಲಿ. ರಮಝಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಕ್ಯಾಲೆಂಡರ್ ನೋಡಿ ಸ್ಪರ್ಧೆ ಆರಿಸಿಕೊಳ್ಳಿ. ಉಪವಾಸದ ತಿಂಗಳಲ್ಲಿ ಇಫ್ತಾರಿಗೆ ಮುಂಚೆ ಅರ್ಧ ಗಂಟೆಯ ನಡಿಗೆ, ತರಾವೀಹ್ ಬಳಿಕ ಸಾಧ್ಯವಾದರೆ ಹಗುರ ವ್ಯಾಯಾಮ ಸಾಕು. ಆ ತಿಂಗಳು ಇಳಿಯುವ ಒಂದೆರಡು ಕಿಲೋ ಶೀರ್ ಖುರ್ಮಾದ ವಾರಗಳಲ್ಲಿ ಮರಳಿ ಬರುವುದು ಎಲ್ಲರಿಗೂ ಗೊತ್ತಿರುವುದೇ. ಸಮೋಸಾದ ತಟ್ಟೆ ಚಿಕ್ಕದಾದರೆ ಬಹುಶಃ ಅಷ್ಟು ಬೇಗ ಬಾರದು.

ಸ್ಪರ್ಧೆಯ ದಿನದ ಬಗ್ಗೆ ಎರಡು ಮಾತು. ನೀರಿನಿಂದ ಎದ್ದು ಸೈಕಲ್ ಹತ್ತುವ ನಡುವೆಯೂ ಗಡಿಯಾರ ಓಡುತ್ತಲೇ ಇರುತ್ತದೆ. ಬಟ್ಟೆ ಬದಲಿಸಲು ಅಲ್ಲಿ ಮರೆ ಇರುವುದು ಕಡಿಮೆ, ಹಾಗಾಗಿ ಮೂರಕ್ಕೂ ಒಂದೇ ಉಡುಪು ಬೇಕು. ಅದೇ ಉಡುಪಿನಲ್ಲಿ ಮೊದಲೇ ಅಭ್ಯಾಸ ಮಾಡಿರಬೇಕು. ಟವೆಲ್, ಮೇಲೆ ಹಾಕಿಕೊಳ್ಳಲು ಒಣ ಕುರ್ತಾ, ಒಣ ಹಿಜಾಬ್, ಸಾಕ್ಸ್, ನಾಲ್ಕು ಖರ್ಜೂರ, ನೀರು ಇವನ್ನು ಸೈಕಲ್ಲಿನ ಪಕ್ಕ ಜೋಡಿಸಿಡಿ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ಮೊದಲು ಸೈಕಲ್ ಎತ್ತಿಕೊಂಡರೆ ದಂಡ ಬೀಳುತ್ತದೆ. ಸೈಕಲ್ ಇಳಿದು ಓಡಲು ಹೊರಟಾಗ ಮೊದಲ ಕೆಲವು ನಿಮಿಷ ಕಾಲುಗಳು ಮರದ ಕೊರಡಿನಂತಾಗುತ್ತವೆ. ಎಲ್ಲರಿಗೂ ಹಾಗೆಯೇ. ಆಗ ನಡೆಯಿರಿ, ಆ 5 ಕಿಲೋಮೀಟರನ್ನು ಓಡಬಹುದು, ನಡೆಯಲೂಬಹುದು, ತೆವಳುವಂತಿಲ್ಲ ಅಷ್ಟೇ ಎನ್ನುತ್ತದೆ ನಿಯಮ.